ಆರೋಗ್ಯವಂತರ ಗಂಟಲಲ್ಲಿ ನ್ಯುಮೋನಿಯಾ ಬ್ಯಾಕ್ಟೀರಿಯಾ: ಲೆಕ್ಕವನ್ನು ಓದುವ ಬಗೆ, ಮನೆಯಲ್ಲಿ ಮಾಡಬೇಕಾದ ಕೆಲಸ

ಕೆಮ್ಮಿಲ್ಲ, ಜ್ವರವಿಲ್ಲ, ಬೆಳಗಿನ ಜಾವವೇ ಎದ್ದು ಡೇರಿಗೆ ಹಾಲು ಹಾಕಿ ಬರುವಷ್ಟು ಗಟ್ಟಿಮುಟ್ಟಾಗಿರುವ ಮನುಷ್ಯನ ಮೂಗು–ಗಂಟಲಲ್ಲೂ ನ್ಯುಮೋನಿಯಾ ತರಬಲ್ಲ ಬ್ಯಾಕ್ಟೀರಿಯಾ ನೆಲೆಸಿರಬಹುದು. ರೋಗಾಣುವನ್ನು ಹೊತ್ತಿದ್ದೂ ರೋಗವಿಲ್ಲದೆ ಓಡಾಡಿಕೊಂಡಿರುವವರನ್ನು ವೈದ್ಯರು ವಾಹಕರು ಎನ್ನುತ್ತಾರೆ. ಇಂಥವರು ಎಷ್ಟು ಮಂದಿ ಎಂಬ ಪ್ರಶ್ನೆಗೆ ಒಂದೇ ಸಂಖ್ಯೆಯ ಉತ್ತರವಿಲ್ಲ. ಯಾರನ್ನು, ಯಾವಾಗ, ಹೇಗೆ ಪರೀಕ್ಷಿಸಿದರು ಎಂಬುದರ ಮೇಲೆ ಅದು ನೂರಕ್ಕೆ ಐದರಿಂದ ಐವತ್ತರ ಆಚೆಗೂ ಹೋಗುತ್ತದೆ. ಸಂಖ್ಯೆಗಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ: ಈ ಬ್ಯಾಕ್ಟೀರಿಯಾವನ್ನು ಹೆಚ್ಚು ಹೊರುವವರು ಒಬ್ಬರು, ಅದರಿಂದ ಹಾಸಿಗೆ ಹಿಡಿಯುವವರು ಬಹುಪಾಲು ಇನ್ನೊಬ್ಬರು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಅಜ್ಜಿ–ತಾತ, ಮಗ–ಸೊಸೆ, ಮೊಮ್ಮಕ್ಕಳು ಒಂದೇ ಸೂರಿನಡಿ ಇರುವ ಮನೆಗಳು ಇಂದಿಗೂ ಸಾಕಷ್ಟಿವೆ. ಅಂಥ ಮನೆಗಳಲ್ಲಿ ಈ ವ್ಯತ್ಯಾಸವನ್ನು ಅರಿತು ಹೇಗೆ ನಡೆದುಕೊಳ್ಳಬೇಕೆಂದು ಹಂತ ಹಂತವಾಗಿ ವಿವರಿಸುವುದು ಈ ಮಾರ್ಗದರ್ಶಿಯ ಉದ್ದೇಶ. ಇದು ವೈದ್ಯರ ಸಲಹೆಗೆ ಬದಲಿಯಲ್ಲ. ವೈದ್ಯರ ಮುಂದೆ ಕುಳಿತಾಗ ಏನು ಕೇಳಬೇಕೆಂದು ತಿಳಿಯಲು ನೆರವಾದೀತು.

ಹಂತ 1: ಯಾವ ಬ್ಯಾಕ್ಟೀರಿಯಾ ಎಂದು ಮೊದಲು ಗೊತ್ತುಮಾಡಿಕೊಳ್ಳಿ

ನ್ಯುಮೋನಿಯಾ ಎಂಬುದು ಒಂದೇ ರೋಗಾಣುವಿನಿಂದ ಬರುವ ಕಾಯಿಲೆಯಲ್ಲ. ವೈರಸ್‌ಗಳು, ಹಲವು ಬಗೆಯ ಬ್ಯಾಕ್ಟೀರಿಯಾಗಳು, ಕೆಲವೊಮ್ಮೆ ಶಿಲೀಂಧ್ರಗಳೂ ಅದನ್ನು ತರುತ್ತವೆ. ಇವುಗಳಲ್ಲಿ ಆರೋಗ್ಯವಂತರ ಮೂಗು–ಗಂಟಲಲ್ಲಿ ಸದ್ದಿಲ್ಲದೆ ಇರಬಲ್ಲವುಗಳ ಪೈಕಿ ಮೊದಲ ಸ್ಥಾನ ಸ್ಟ್ರೆಪ್ಟೋಕಾಕಸ್ ನ್ಯುಮೋನಿಯೆಗೆ. ವೈದ್ಯರು ಮಾತಿನಲ್ಲಿ ಇದನ್ನು ನ್ಯುಮೋಕಾಕಸ್ ಎನ್ನುತ್ತಾರೆ. ಇದರ ಮೈಮೇಲೆ ಸಕ್ಕರೆಯ ಸರಪಳಿಗಳಿಂದಾದ ದಪ್ಪ ಕವಚವೊಂದಿರುತ್ತದೆ. ಆ ಕವಚದ ರಚನೆಯನ್ನು ಆಧರಿಸಿ ಇದುವರೆಗೆ ನೂರಕ್ಕೂ ಹೆಚ್ಚು ಬಗೆಗಳನ್ನು ಗುರುತಿಸಲಾಗಿದೆ. ಹೀಮೋಫಿಲಸ್ ಇನ್‌ಫ್ಲುಯೆಂಜೆ ಎರಡನೆಯದು. ಮೂರನೆಯದಾದ ಸ್ಟ್ಯಾಫಿಲೋಕಾಕಸ್ ಆರಿಯಸ್ ಆರೋಗ್ಯವಂತ ವಯಸ್ಕರಲ್ಲಿ ಸುಮಾರು ಶೇ. 20ರಿಂದ 30 ಮಂದಿಯ ಮೂಗಿನಲ್ಲಿ ಇರುತ್ತದೆ. ಅದು ಸಾಮಾನ್ಯವಾಗಿ ಚರ್ಮದ ಕುರು–ಹುಣ್ಣುಗಳಿಗೆ ಕಾರಣವಾಗುತ್ತದೆಯೇ ಹೊರತು ಶ್ವಾಸಕೋಶಕ್ಕೆ ಇಳಿಯುವುದು ಫ್ಲೂ ಬಂದು ಮೈ ಸೋತಂಥ ಸಂದರ್ಭಗಳಲ್ಲಿ. ಕ್ಲೆಬ್ಸಿಯೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಮುಖ್ಯ ನೆಲೆ ಕರುಳು. ದೀರ್ಘಕಾಲ ಆಸ್ಪತ್ರೆಯಲ್ಲಿದ್ದವರು ಮತ್ತು ವಿಪರೀತ ಮದ್ಯ ಸೇವಿಸುವವರ ಗಂಟಲಿಗೂ ಅದು ಬಂದು ಸೇರುತ್ತದೆ.

ಎರಡು ಹೆಸರುಗಳನ್ನು ಈ ಪಟ್ಟಿಯಿಂದ ಹೊರಗಿಡಬೇಕು. ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ನೀರಿನ ವ್ಯವಸ್ಥೆಗಳಿಂದ ಬರುತ್ತದೆ, ಮನುಷ್ಯರ ಗಂಟಲಲ್ಲಿ ಮನೆಮಾಡುವುದಿಲ್ಲ. ಕ್ಷಯದ ಬ್ಯಾಕ್ಟೀರಿಯಾ ದೇಹದಲ್ಲಿ ಸುಪ್ತವಾಗಿ ಇರಬಹುದಾದರೂ ಅದರ ರೀತಿಯೇ ಬೇರೆ, ಚಿಕಿತ್ಸೆಯ ನಿಯಮವೂ ಬೇರೆ. ಮುಂದೆ ಬರೆಯುವುದೆಲ್ಲ ಮುಖ್ಯವಾಗಿ ನ್ಯುಮೋಕಾಕಸ್‌ಗೆ ಅನ್ವಯಿಸುತ್ತದೆ, ಕ್ಷಯಕ್ಕಲ್ಲ. ಕೆಮ್ಮು ಎರಡು ವಾರ ದಾಟಿದರೆ ಈ ಲೇಖನವನ್ನು ಬದಿಗಿಟ್ಟು ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ.

ನ್ಯುಮೋಕಾಕಸ್ ಪತ್ತೆಯಾದ ಕಥೆಯೇ ವಾಹಕ ಸ್ಥಿತಿಯ ಕಥೆ. 1881ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಮತ್ತು ಅಮೆರಿಕ ಸೇನೆಯ ವೈದ್ಯ ಜಾರ್ಜ್ ಸ್ಟರ್ನ್‌ಬರ್ಗ್ ಒಬ್ಬರಿಗೊಬ್ಬರು ತಿಳಿಯದಂತೆ ಇದನ್ನು ವರದಿ ಮಾಡಿದರು. ಪಾಶ್ಚರ್ ಬಳಸಿದ್ದು ಹುಚ್ಚುನಾಯಿ ಕಡಿತದಿಂದ ಸತ್ತ ಮಗುವಿನ ಎಂಜಲನ್ನು. ಸ್ಟರ್ನ್‌ಬರ್ಗ್ ಮೊಲಗಳಿಗೆ ಚುಚ್ಚಿದ್ದು ತಮ್ಮದೇ ಎಂಜಲನ್ನು. ಮೊಲಗಳು ಸತ್ತವು, ಸ್ಟರ್ನ್‌ಬರ್ಗ್‌ಗೆ ಏನೂ ಆಗಿರಲಿಲ್ಲ. ಹೀಗೆ ಆರೋಗ್ಯವಂತ ವಯಸ್ಕನೊಬ್ಬನ ಬಾಯಲ್ಲೇ ಸಿಕ್ಕ ರೋಗಾಣುವಿದು.

ಹಂತ 2: ಶೇಕಡಾವಾರು ಲೆಕ್ಕವನ್ನು ನಾಲ್ಕು ಪ್ರಶ್ನೆ ಕೇಳಿ ಓದಿ

ಪತ್ರಿಕೆಯಲ್ಲೋ ಮೊಬೈಲಿನಲ್ಲೋ ‘ಇಷ್ಟು ಶೇಕಡಾ ಜನರಲ್ಲಿ ನ್ಯುಮೋನಿಯಾ ಬ್ಯಾಕ್ಟೀರಿಯಾ’ ಎಂಬ ಸಾಲು ಕಂಡಾಗ ಮೊದಲು ಕೇಳಬೇಕಾದದ್ದು, ಯಾವ ವಯಸ್ಸಿನವರಲ್ಲಿ ಎಂದು. ಚಿಕ್ಕ ಮಕ್ಕಳಿಲ್ಲದ ಮನೆಯ ವಯಸ್ಕರಲ್ಲಿ ಸಾಮಾನ್ಯವಾಗಿ ಶೇ. 5ರಿಂದ 10 ಮಂದಿ ಮಾತ್ರ ವಾಹಕರಾಗಿರುತ್ತಾರೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಈ ಪ್ರಮಾಣ ಹಲವು ಪಟ್ಟು ಹೆಚ್ಚು. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಂತೂ ಯಾವುದೇ ಒಂದು ದಿನ ಪರೀಕ್ಷಿಸಿದರೂ ಅರ್ಧಕ್ಕರ್ಧ ಮಕ್ಕಳಲ್ಲಿ ಕಂಡುಬಂದರೆ ಅಚ್ಚರಿಯಿಲ್ಲ. ಎರಡು ವರ್ಷ ತುಂಬುವುದರೊಳಗೆ ಬಹುತೇಕ ಎಲ್ಲ ಮಕ್ಕಳೂ ಒಮ್ಮೆಯಾದರೂ ಇದನ್ನು ಹೊತ್ತಿರುತ್ತಾರೆ.

ಎರಡನೆಯ ಪ್ರಶ್ನೆ, ಅವರು ಎಲ್ಲಿ, ಎಷ್ಟು ಒತ್ತಾಗಿ ವಾಸಿಸುತ್ತಾರೆ ಎಂಬುದು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಕೈಪಿಡಿ ಕೊಡುವ ಅಂಕಿಗಳ ಪ್ರಕಾರ ಶಾಲೆ ಮತ್ತು ಅನಾಥಾಲಯಗಳಲ್ಲಿ ಶೇ. 27ರಿಂದ 58, ಸೈನಿಕರ ಬಿಡಾರಗಳಲ್ಲಿ ಶೇ. 50ರಿಂದ 60ರವರೆಗೂ ವಾಹಕರು ಕಂಡುಬಂದದ್ದುಂಟು. ಅವರೂ ಆರೋಗ್ಯವಂತ ವಯಸ್ಕರೇ. ಒಂದೇ ಕೊಠಡಿಯಲ್ಲಿ ಸಾಲಾಗಿ ಮಲಗುವುದಷ್ಟೇ ವ್ಯತ್ಯಾಸ. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶದ ಸುತ್ತ ಪಿ.ಜಿ. ಕೊಠಡಿಗಳಲ್ಲಿ ಪಾಳಿಯ ಮೇಲೆ ಮಲಗಿ ಏಳುವ ಯುವಕ ಯುವತಿಯರು ಈ ಸಾಲನ್ನು ಇನ್ನೊಮ್ಮೆ ಓದಿಕೊಳ್ಳಬಹುದು.

ಮೂರನೆಯದು, ಮಾದರಿಯನ್ನು ಎಲ್ಲಿಂದ ತೆಗೆದರು, ಹೇಗೆ ಹುಡುಕಿದರು ಎಂಬುದು. ಕೊರೊನಾ ಕಾಲದಲ್ಲಿ ಮೂಗಿನೊಳಗೆ ಆಳಕ್ಕೆ ತೂರಿಸಿದ ಕಡ್ಡಿಯನ್ನು ಯಾರೂ ಮರೆತಿರಲಾರರು. ಮಕ್ಕಳಿಗಾದರೆ ಆ ಒಂದು ಸ್ವಾಬ್ ಸಾಕು. ವಯಸ್ಕರಲ್ಲಿ ಮೂಗಿನ ಹಿಂಭಾಗದ ಜೊತೆಗೆ ಗಂಟಲಿನ ಸ್ವಾಬನ್ನೂ ತೆಗೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಗುಂಪು ಸೂಚಿಸಿದೆ. ಒಂದನ್ನೇ ನೆಚ್ಚಿದರೆ ಕೆಲವರು ಲೆಕ್ಕದಿಂದ ತಪ್ಪಿಹೋಗುತ್ತಾರೆ. ಸ್ವಾಬನ್ನು ಕೆನೆ ತೆಗೆದ ಹಾಲಿನ ಪುಡಿ, ಟ್ರಿಪ್ಟೋನ್, ಗ್ಲೂಕೋಸ್ ಮತ್ತು ಗ್ಲಿಸರಾಲ್ ಬೆರೆಸಿದ ದ್ರಾವಣದಲ್ಲಿ ಅದ್ದಿ, ಮೈನಸ್ 70 ಡಿಗ್ರಿಯ ಶೈತ್ಯದಲ್ಲಿ ಕಾಪಿಡುತ್ತಾರೆ. ಆಮೇಲೆ ಕುರಿಯ ರಕ್ತ ಸೇರಿಸಿದ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ವಸ್ತು) ತಟ್ಟೆಯ ಮೇಲೆ ಎಳೆದು, ಸ್ವಲ್ಪ ಇಂಗಾಲದ ಡೈಆಕ್ಸೈಡ್ ಇರುವ ಪೆಟ್ಟಿಗೆಯಲ್ಲಿ ಒಂದು ರಾತ್ರಿ ಇಡುತ್ತಾರೆ. ಬೆಳಿಗ್ಗೆ ನೋಡಿದರೆ ಕೆಂಪು ತಟ್ಟೆಯ ಮೇಲೆ ಸಾಸಿವೆಗಿಂತ ಸಣ್ಣ ಬೂದು ಚುಕ್ಕೆಗಳು, ಪ್ರತಿಯೊಂದರ ಸುತ್ತ ಹಸಿರು ಛಾಯೆಯ ಬಳೆ. ಚುಕ್ಕೆ ಹಳತಾದಂತೆ ನಡು ಕುಸಿದು ತಗ್ಗಾಗುತ್ತದೆ. ಆದರೆ ಬಾಯಲ್ಲಿ ಸಹಜವಾಗಿಯೇ ಇರುವ ನಿರುಪದ್ರವಿ ಸ್ಟ್ರೆಪ್ಟೋಕಾಕಸ್‌ಗಳೂ ಇಂಥದೇ ಹಸಿರು ಬಳೆ ಮೂಡಿಸುತ್ತವೆ. ಆದ್ದರಿಂದ ಆಪ್ಟೋಚಿನ್ ಎಂಬ ಔಷಧಿಯ ಪುಟ್ಟ ಬಿಲ್ಲೆಯನ್ನಿಟ್ಟು, ಅದರ ಸುತ್ತ ಬೆಳವಣಿಗೆ ನಿಂತ ವೃತ್ತ 14 ಮಿಲಿಮೀಟರ್ ಅಥವಾ ಹೆಚ್ಚು ಅಗಲವಿದ್ದರೆ ಮಾತ್ರ ನ್ಯುಮೋಕಾಕಸ್ ಎನ್ನುತ್ತಾರೆ. ಅದಕ್ಕಿಂತ ಕಡಿಮೆಯಿದ್ದರೆ ಪಿತ್ತರಸದ ಲವಣದಲ್ಲಿ ಕರಗುತ್ತದೆಯೇ ಎಂದೂ ನೋಡಬೇಕು. ರೋಗಾಣುವಿನ ವಂಶವಾಹಿಯನ್ನು ಪತ್ತೆಹಚ್ಚುವ ಪಿ.ಸಿ.ಆರ್. ಮೂಲಕ ಹುಡುಕಿದರೆ, ಅದರಲ್ಲೂ ಎಂಜಲನ್ನು ಪರೀಕ್ಷಿಸಿದರೆ, ತಟ್ಟೆಯಲ್ಲಿ ಬೆಳೆಯದಷ್ಟು ಕಡಿಮೆ ಇರುವುದೂ ಸಿಕ್ಕಿಬೀಳುವುದರಿಂದ ವಯಸ್ಕರ ಶೇಕಡಾವಾರು ಏರುತ್ತದೆ. ಹಾಗೆಂದು ಜನ ಹೆಚ್ಚು ಅಪಾಯಕ್ಕೆ ಒಳಗಾದರು ಎಂದಲ್ಲ, ಹುಡುಕುವ ಕಣ್ಣು ಸೂಕ್ಷ್ಮವಾಯಿತು.

ನಾಲ್ಕನೆಯದು, ಎಷ್ಟು ಸಲ ಪರೀಕ್ಷಿಸಿದರು ಎಂಬುದು. ಬೆಳಿಗ್ಗೆ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ರೈಲಿನ ಬೋಗಿಯಲ್ಲಿ ಬಂಗಾರಪೇಟೆಗೂ ಮಾಲೂರಿಗೂ ಜನರ ಸಂಖ್ಯೆ ಸರಿಸುಮಾರು ಒಂದೇ ಇರಬಹುದು, ಆದರೆ ಕೆಲವರು ಇಳಿದು ಕೆಲವರು ಹತ್ತಿರುತ್ತಾರೆ. ವಾಹಕರ ಲೆಕ್ಕವೂ ಹಾಗೆಯೇ. ವಯಸ್ಕರಲ್ಲಿ ನ್ಯುಮೋಕಾಕಸ್ ಸಾಮಾನ್ಯವಾಗಿ ಕೆಲವು ವಾರ ಇದ್ದು ಹೋಗುತ್ತದೆ, ಮಕ್ಕಳಲ್ಲಿ ತಿಂಗಳುಗಟ್ಟಲೆ ಇರಬಲ್ಲದು. ಒಂದು ದಿನದ ಶೇ. 10 ಎಂದರೆ ಉಳಿದ 90 ಮಂದಿಗೆ ಅದು ಎಂದೂ ತಗುಲುವುದಿಲ್ಲ ಎಂದರ್ಥವಲ್ಲ.

ಹಂತ 3: ವಾಹಕರು ಯಾರು, ಅಪಾಯದಲ್ಲಿರುವವರು ಯಾರು ಎಂದು ಮನೆಯಲ್ಲೇ ಬೇರ್ಪಡಿಸಿ

ಒಂದು ಹಾಳೆಯ ಮೇಲೆ ಮನೆಯವರೆಲ್ಲರ ಹೆಸರು, ವಯಸ್ಸು ಬರೆಯಿರಿ. ಐದು ವರ್ಷದೊಳಗಿನ ಮಕ್ಕಳ ಮುಂದೆ, ಅಂಗನವಾಡಿಗೆ ಹೋಗುವ ಮಗುವಿದ್ದರೆ ವಿಶೇಷವಾಗಿ, ಒಂದು ಗುರುತು ಹಾಕಿ: ಬ್ಯಾಕ್ಟೀರಿಯಾ ಮನೆಯೊಳಗೆ ಬರುವ ಮುಖ್ಯ ದಾರಿ ಇದು. ಮಕ್ಕಳಿರುವ ಮನೆಯ ತಂದೆ ತಾಯಿಯರಲ್ಲಿ ವಾಹಕ ಪ್ರಮಾಣ ಮಕ್ಕಳಿಲ್ಲದ ವಯಸ್ಕರಿಗಿಂತ ಹೆಚ್ಚಿರುವುದು ಇದೇ ಕಾರಣಕ್ಕೆ.

ಇನ್ನೊಂದು ಬಗೆಯ ಗುರುತನ್ನು 65 ದಾಟಿದವರು, ಸಕ್ಕರೆ ಕಾಯಿಲೆ, ಹೃದಯ, ಮೂತ್ರಪಿಂಡ ಅಥವಾ ಯಕೃತ್ತಿನ ದೀರ್ಘಕಾಲದ ತೊಂದರೆ ಇರುವವರು, ಉಬ್ಬಸ ಅಥವಾ ಸಿ.ಒ.ಪಿ.ಡಿ. (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ) ಇರುವವರು, ಬೀಡಿ–ಸಿಗರೇಟು ಸೇದುವವರು, ದಿನವೂ ಕುಡಿಯುವವರು, ಗುಲ್ಮವನ್ನು (ಸ್ಪ್ಲೀನ್) ತೆಗೆಸಿಕೊಂಡವರು, ಎಚ್.ಐ.ವಿ. ಇರುವವರು, ಕ್ಯಾನ್ಸರಿಗೋ ಕೀಲುವಾತಕ್ಕೋ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು, ಪಾರ್ಶ್ವವಾಯು ಹೊಡೆದು ನುಂಗಲು ಕಷ್ಟಪಡುವವರು, ಇವರೆಲ್ಲರ ಮುಂದೆ ಹಾಕಿ. ಎರಡು ವರ್ಷದೊಳಗಿನ ಮಗುವಿಗೆ ಎರಡೂ ಗುರುತು ಬೀಳುತ್ತವೆ.

ಹಾಳೆಯನ್ನು ನೋಡಿದರೆ ವಿಚಿತ್ರವೊಂದು ಕಾಣುತ್ತದೆ. ತಟ್ಟೆಯಲ್ಲಿ ಬೆಳೆಸಿ ನೋಡುವ ಸಾಂಪ್ರದಾಯಿಕ ವಿಧಾನದಲ್ಲಿ ವೃದ್ಧರಲ್ಲಿ ನ್ಯುಮೋಕಾಕಸ್ ಸಿಗುವುದು ಮಕ್ಕಳಿಗಿಂತ ಎಷ್ಟೋ ಕಡಿಮೆ, ಆದರೆ ಅದರಿಂದ ಆಸ್ಪತ್ರೆ ಸೇರುವವರಲ್ಲಿ, ಸಾಯುವವರಲ್ಲಿ ವೃದ್ಧರ ಪಾಲು ದೊಡ್ಡದು. ಗಂಟಲಲ್ಲಿ ಇದೆಯೇ ಇಲ್ಲವೇ ಎಂಬುದಕ್ಕಿಂತ, ಅದು ಗಂಟಲಿನಿಂದ ಕೆಳಗಿಳಿದಾಗ ತಡೆಯುವ ಶಕ್ತಿ ಉಳಿದಿದೆಯೇ ಎಂಬುದು ಇಲ್ಲಿ ನಿರ್ಣಾಯಕ. ಆರೋಗ್ಯವಂತ ವಯಸ್ಕರಲ್ಲೂ ಸುಮಾರು ಅರ್ಧದಷ್ಟು ಮಂದಿ ಗಾಢನಿದ್ದೆಯಲ್ಲಿ ಗಂಟಲಿನ ದ್ರವವನ್ನು ಅತಿ ಸ್ವಲ್ಪ ಪ್ರಮಾಣದಲ್ಲಿ ಶ್ವಾಸನಾಳಕ್ಕೆ ಎಳೆದುಕೊಳ್ಳುತ್ತಾರೆಂದು 1978ರಷ್ಟು ಹಿಂದೆಯೇ ತೋರಿಸಲಾಗಿದೆ. ಅವರಿಗೆ ಏನೂ ಆಗುವುದಿಲ್ಲ, ಏಕೆಂದರೆ ಶ್ವಾಸನಾಳದ ಒಳಗೋಡೆಯ ಸೂಕ್ಷ್ಮ ರೋಮಗಳು ಲೋಳೆಯನ್ನು ಮೇಲಕ್ಕೆ ತಳ್ಳುತ್ತವೆ, ಕೆಮ್ಮು ಅದನ್ನು ಹೊರಹಾಕುತ್ತದೆ, ಗಾಳಿಗೂಡುಗಳಲ್ಲಿ ಕಾವಲಿರುವ ಭಕ್ಷಕ ಕೋಶಗಳು ಉಳಿದದ್ದನ್ನು ನುಂಗುತ್ತವೆ. ಈ ಮೂರರಲ್ಲಿ ಯಾವುದು ಕುಂದಿದರೂ ಅಪಾಯ ಶುರು.

ಹಾಗಿದ್ದರೆ ಮಗುವನ್ನು ಅಜ್ಜಿಯಿಂದ ದೂರ ಇಡಬೇಕೇ? ಬೇಡ. ಮೊಮ್ಮಗುವನ್ನು ಎತ್ತಿಕೊಳ್ಳದ ಅಜ್ಜಿಯನ್ನು ಯಾವ ವೈದ್ಯಶಾಸ್ತ್ರವೂ ಬಯಸುವುದಿಲ್ಲ. ಮಗುವಿಗೆ ಮೂಗು ಸೋರುತ್ತಿರುವ ದಿನಗಳಲ್ಲಿ ಮಾತ್ರ ಮುಖಕ್ಕೆ ಮುಖ ತಾಗಿಸಿ ಮುದ್ದಿಸುವುದನ್ನು ಕಡಿಮೆ ಮಾಡಿ, ಮೂಗು ಒರೆಸಿದ ಕೈಯನ್ನು ಸೋಪಿನಿಂದ ತೊಳೆಯಿರಿ. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಆರೋಗ್ಯವಂತ ಸ್ವಯಂಸೇವಕರ ಮೂಗಿಗೆ ನಿಯಂತ್ರಿತ ಪ್ರಮಾಣದ ನ್ಯುಮೋಕಾಕಸ್ ಹನಿಗಳನ್ನು ಹಾಕಿ ವರ್ಷಗಳಿಂದ ಅಧ್ಯಯನ ನಡೆಸುತ್ತಿದ್ದಾರೆ. ಸುಮಾರು ಅರ್ಧ ಮಂದಿ ವಾಹಕರಾದರೇ ವಿನಾ ನ್ಯುಮೋನಿಯಾಕ್ಕೆ ತುತ್ತಾಗಲಿಲ್ಲ. ಅದೇ ತಂಡ 2018ರಲ್ಲಿ, ಕೈಗೆ ಅಂಟಿದ ಬ್ಯಾಕ್ಟೀರಿಯಾ ಮೂಗು ಮುಟ್ಟಿಕೊಂಡಾಗ ನೆಲೆಸಬಲ್ಲದೆಂದೂ ತೋರಿಸಿತು. ಉಸಿರಿನ ಹನಿಗಳ ಜೊತೆಗೆ ಕೈಯೂ ದಾರಿಯೇ.

ಹಂತ 4: ವರದಿಯಲ್ಲಿ ಹೆಸರು ಕಂಡರೆ ಗಾಬರಿಯಾಗದೆ ಓದಿ

ರೋಗಲಕ್ಷಣಗಳಿಲ್ಲದವರು ‘ನನ್ನಲ್ಲಿ ಇದೆಯೇ ನೋಡಿ’ ಎಂದು ಪರೀಕ್ಷೆ ಮಾಡಿಸಬೇಕಾದ ಅಗತ್ಯವೇ ಇಲ್ಲ. ಆ ಹಣವನ್ನು ಉಳಿಸಿಕೊಳ್ಳಿ. ಬೇರೆ ಕಾರಣಕ್ಕೆ ಮಾಡಿಸಿದ ಗಂಟಲ ಸ್ವಾಬಿನಲ್ಲೋ ಕಫದ ಕಲ್ಚರಿನಲ್ಲೋ (ತಟ್ಟೆಯಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಸ್ಟ್ರೆಪ್ಟೋಕಾಕಸ್ ನ್ಯುಮೋನಿಯೆ ಬೆಳೆದಿದೆ ಎಂದು ಬಂದರೆ ಮೊದಲು ನೋಡಬೇಕಾದದ್ದು ಮಾದರಿಯ ಗುಣಮಟ್ಟವನ್ನು. ಕಫದ ವರದಿಯಲ್ಲಿ ಗ್ರಾಮ್ ಸ್ಟೇನ್ (ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ಎಂಬ ಸಾಲಿನಡಿ ಕೀವು ಕೋಶಗಳು ಮತ್ತು ಬಾಯಿಯ ಒಳಪದರದ ಕೋಶಗಳು ಎಷ್ಟಿವೆ ಎಂದು ಬರೆದಿರುತ್ತಾರೆ. ಸೂಕ್ಷ್ಮದರ್ಶಕದ ಕಡಿಮೆ ವರ್ಧನೆಯಲ್ಲಿ ಒಂದು ನೋಟಕ್ಕೆ ಕೀವು ಕೋಶಗಳು 25ಕ್ಕಿಂತ ಹೆಚ್ಚು, ಬಾಯಿಯ ಕೋಶಗಳು 10ಕ್ಕಿಂತ ಕಡಿಮೆ ಇದ್ದರೆ ಅದು ಎದೆಯಿಂದ ಬಂದ ಒಳ್ಳೆಯ ಕಫ. ತಿರುವುಮುರುವಾಗಿದ್ದರೆ ಡಬ್ಬಿಯಲ್ಲಿರುವುದು ಬರೀ ಎಂಜಲು, ಅದರಲ್ಲಿ ಬೆಳೆದದ್ದು ಗಂಟಲ ನಿವಾಸಿಯಷ್ಟೇ ಆಗಿರುವ ಸಾಧ್ಯತೆ ಹೆಚ್ಚು. ಕಫ ಕೊಡುವ ಮುನ್ನ ಬಾಯಿಯನ್ನು ಬರೀ ನೀರಿನಿಂದ ಮುಕ್ಕಳಿಸಿ, ಆಳವಾಗಿ ಉಸಿರೆಳೆದು ಕೆಮ್ಮಿ ತೆಗೆಯಬೇಕೆಂದು ಹೇಳುವುದು ಇದೇ ಕಾರಣಕ್ಕೆ.

ಕ್ಯಾಂಡಿಡಾ, ವಿರಿಡಾನ್ಸ್ ಸ್ಟ್ರೆಪ್ಟೋಕಾಕಸ್, ನೈಸೀರಿಯಾ ಜಾತಿ, ನಾರ್ಮಲ್ ಫ್ಲೋರಾ ಎಂದಿದ್ದರೆ ಅವು ಸಾಮಾನ್ಯವಾಗಿ ಬಾಯಿಯ ಸಹಜ ನಿವಾಸಿಗಳು. ಮಕ್ಕಳ ಮೂತ್ರದಲ್ಲಿ ನ್ಯುಮೋಕಾಕಸ್ ಆಂಟಿಜೆನ್ (ಬ್ಯಾಕ್ಟೀರಿಯಾದ ಅಂಶ) ಪಾಸಿಟಿವ್ ಬಂದರೂ ಅದನ್ನು ನ್ಯುಮೋನಿಯಾಕ್ಕೆ ಪುರಾವೆ ಎನ್ನಲಾಗದು, ಬರೀ ವಾಹಕ ಸ್ಥಿತಿಯಿಂದಲೂ ಅದು ಹಾಗೆ ಬರುತ್ತದೆ. ರಕ್ತದ ಕಲ್ಚರಿನಲ್ಲಿ ನ್ಯುಮೋಕಾಕಸ್ ಬೆಳೆದರೆ ಮಾತ್ರ ಮಾತೇ ಬೇರೆ: ಅದು ವಾಹಕ ಸ್ಥಿತಿಯಲ್ಲ, ತಕ್ಷಣ ಚಿಕಿತ್ಸೆ ಬೇಕಾದ ಸೋಂಕು.

ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲವೆಂದರೆ ನ್ಯುಮೋನಿಯಾ ಇಲ್ಲ ಎಂದಲ್ಲ. ಅಮೆರಿಕದಲ್ಲಿ ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದ ಎರಡು ಸಾವಿರಕ್ಕೂ ಹೆಚ್ಚು ವಯಸ್ಕರ ಕುರಿತು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 62 ಮಂದಿಯಲ್ಲಿ ಯಾವ ರೋಗಾಣುವೂ ಪತ್ತೆಯಾಗಲಿಲ್ಲ. ರೋಗವನ್ನು ನಿರ್ಧರಿಸುವುದು ಲಕ್ಷಣಗಳು, ಎದೆಯ ಸದ್ದು ಮತ್ತು ಎಕ್ಸ್‌ರೇ ಸೇರಿ; ಗಂಟಲ ಸ್ವಾಬ್ ಒಂದೇ ಅಲ್ಲ.

ಹಂತ 5: ವಾಹಕ ಸ್ಥಿತಿಗೆ ಆಂಟಿಬಯಾಟಿಕ್ ತೆಗೆದುಕೊಳ್ಳಬೇಡಿ

ಇದೊಂದನ್ನು ಖಡಾಖಂಡಿತವಾಗಿ ಹೇಳಬಹುದು. ಆರೋಗ್ಯವಂತ ವಯಸ್ಕರ ಗಂಟಲಿನಿಂದ ನ್ಯುಮೋಕಾಕಸ್ಸನ್ನು ಓಡಿಸಲು ಮಾತ್ರೆ ನುಂಗುವುದು ವ್ಯರ್ಥ. ಹೋದರೂ ಕೆಲವೇ ದಿನಗಳಲ್ಲಿ ಮನೆಯ ಮಗುವಿನಿಂದ ಇನ್ನೊಂದು ಬಗೆಯದು ಬಂದು ಸೇರೀತು. ನೆಗಡಿ ಬಂದ ಕೂಡಲೇ ಮೆಡಿಕಲ್ ಸ್ಟೋರಿಗೆ ಹೋಗಿ ಮೂರು ಅಜಿಥ್ರೋಮೈಸಿನ್ ಮಾತ್ರೆ ಕತ್ತರಿಸಿ ಕೊಡಿಸಿಕೊಂಡು ಬರುವುದು ನಮ್ಮ ಊರುಗಳಲ್ಲಿ ತೀರ ಸಾಮಾನ್ಯವಾಗಿಬಿಟ್ಟಿದೆ. ನೆಗಡಿ ವೈರಸ್ಸಿನದು, ಮಾತ್ರೆ ಅದನ್ನು ಮುಟ್ಟುವುದಿಲ್ಲ. ಅದು ಕೆಲಸ ಮಾಡುವುದು ಗಂಟಲಲ್ಲಿ ತಣ್ಣಗಿದ್ದ ಬ್ಯಾಕ್ಟೀರಿಯಾಗಳ ಮೇಲೆ. ಔಷಧಿಗೆ ಬಗ್ಗುವವು ಸಾಯುತ್ತವೆ, ಬಗ್ಗದವು ಉಳಿದು ಜಾಗವನ್ನೆಲ್ಲ ಆಕ್ರಮಿಸುತ್ತವೆ. ಮುಂದೊಂದು ದಿನ ಅದೇ ಬಗ್ಗದ ಬಗೆ ಎದೆಗೆ ಇಳಿದರೆ ಸುಲಭದ ಔಷಧಿ ಕೈಕೊಡುತ್ತದೆ. ಅಜಿಥ್ರೋಮೈಸಿನ್ ಸೇರಿದ ಮ್ಯಾಕ್ರೊಲೈಡ್ ಗುಂಪಿನ ಔಷಧಿಗಳಿಗೆ ಬಗ್ಗದ ನ್ಯುಮೋಕಾಕಸ್ಸನ್ನು ವಿಶ್ವ ಆರೋಗ್ಯ ಸಂಸ್ಥೆ 2024ರ ತನ್ನ ಆದ್ಯತಾ ರೋಗಾಣುಗಳ ಪಟ್ಟಿಯಲ್ಲಿ ಸೇರಿಸಿದೆ. ವೈದ್ಯರೇ ನ್ಯುಮೋನಿಯಾ ಎಂದು ನಿರ್ಧರಿಸಿ ಬರೆದುಕೊಟ್ಟ ಔಷಧಿಯನ್ನು ಮಾತ್ರ ಅವರು ಹೇಳಿದಷ್ಟು ದಿನ ತಪ್ಪದೆ ತೆಗೆದುಕೊಳ್ಳಬೇಕು. ಅದರಲ್ಲಿ ಜಿಪುಣತನ ಸಲ್ಲದು.

ಇನ್ನೊಂದು ಮಾತನ್ನೂ ಇಲ್ಲೇ ಸೇರಿಸುವುದು ಒಳ್ಳೆಯದು. ಪದೇ ಪದೇ ಬಂದುಹೋಗುವ ಈ ಬ್ಯಾಕ್ಟೀರಿಯಾದ ವಿರುದ್ಧ ದೇಹ ಪ್ರತಿಕಾಯಗಳನ್ನೂ ರಕ್ಷಣಾ ಕೋಶಗಳನ್ನೂ ತಯಾರು ಮಾಡಿಕೊಳ್ಳುತ್ತದೆ. ಬಾಲ್ಯ ದಾಟಿದ ಮೇಲೆ ವಾಹಕ ಪ್ರಮಾಣ ಇಳಿಯುವುದಕ್ಕೆ ಇದೂ ಒಂದು ಕಾರಣ.

ಹಂತ 6: ಗಂಟಲಿನಿಂದ ಎದೆಗೆ ಇಳಿಯುವ ದಾರಿಯನ್ನು ಕಿರಿದಾಗಿಸಿ

ನಿಜವಾದ ಕೆಲಸ ಇರುವುದು ಇಲ್ಲಿ. ಮೊದಲನೆಯದು ಹೊಗೆ. ಸಿಗರೇಟು ಸೇದುವ, ರೋಗನಿರೋಧಕ ಶಕ್ತಿ ಕುಂದಿರದ, 65 ದಾಟದ ವಯಸ್ಕರಲ್ಲಿ ರಕ್ತಕ್ಕೆ ಹರಡುವ ನ್ಯುಮೋಕಾಕಸ್ ಸೋಂಕಿನ ಅಪಾಯ ಸೇದದವರಿಗಿಂತ ಸುಮಾರು ನಾಲ್ಕು ಪಟ್ಟು ಎಂದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದು ಕಂಡುಕೊಂಡಿತು. ಮನೆಯಲ್ಲಿ ಸೇದಿದರೆ ಸೇದದವರಿಗೂ ಪಾಲು ಸಿಗುತ್ತದೆ. ಅಡುಗೆಗೆ ಗ್ಯಾಸ್ ಬಂದ ಮೇಲೂ ನಮ್ಮ ಹಳ್ಳಿಗಳಲ್ಲಿ ಬಚ್ಚಲ ಹಂಡೆಗೆ ನೀಲಗಿರಿ ಸೌದೆಯನ್ನೋ ಹಿಪ್ಪುನೇರಳೆ ಕಡ್ಡಿಯನ್ನೋ ಉರಿಸುವುದು ತಪ್ಪಿಲ್ಲ. ಚಳಿಗಾಲದ ಮುಂಜಾನೆ ಕಿಟಕಿ ಬಾಗಿಲು ಮುಚ್ಚಿ, ಹಸಿ ಕಡ್ಡಿಗೆ ಊದುಕೊಳವೆಯಿಂದ ಊದುತ್ತ ಕೂರುವವರು ಹೆಚ್ಚಾಗಿ ಮನೆಯ ಹಿರಿಯ ಹೆಂಗಸರೇ. ಹಂಡೆಯ ಒಲೆಯನ್ನು ಹೊರಗೋಡೆಗೆ ಸ್ಥಳಾಂತರಿಸಿ, ಅಥವಾ ಮೇಲೆ ಹೊಗೆಗೂಡು ಇಡಿಸಿ. ಕೊನೆಯ ಪಕ್ಷ ಕೆಮ್ಮಿರುವವರನ್ನೂ ಕೈಗೂಸನ್ನೂ ಆ ಹೊತ್ತಿನಲ್ಲಿ ಅಲ್ಲಿಂದ ದೂರವಿಡಿ. ಶಿಡ್ಲಘಟ್ಟದ ಕಡೆಯ ರೇಷ್ಮೆ ನೂಲು ಬಿಚ್ಚುವ ಶೆಡ್ಡುಗಳಲ್ಲಿ ಕುದಿನೀರಿನ ಹಬೆ, ಬೆಂದ ಗೂಡಿನ ವಾಸನೆ, ಒಲೆಯ ಹೊಗೆ ಮೂರೂ ಒಟ್ಟಿಗಿರುತ್ತವೆ. ಚಿಕ್ಕಬಳ್ಳಾಪುರದ ಕಲ್ಲು ಕ್ವಾರಿ, ಕ್ರಷರ್‌ಗಳಲ್ಲಿ ಸಿಲಿಕಾ ದೂಳು. ಗಾಳಿಯಾಡುವ ವ್ಯವಸ್ಥೆ ಮತ್ತು ದೂಳಿಗೆ ನೀರು ಸಿಂಪಡಿಸುವುದು ಮಾಲೀಕರ ಹೊಣೆ. ಕೆಲಸಗಾರರು ಬಾಯಿಗೆ ಟವೆಲ್ ಕಟ್ಟಿಕೊಂಡರೆ ಸಿಲಿಕಾದ ಸೂಕ್ಷ್ಮ ಕಣ ನಿಲ್ಲುವುದಿಲ್ಲ.

ಎರಡನೆಯದು ಬಾಯಿಯ ಸ್ವಚ್ಛತೆ. ಜಪಾನಿನ ವೃದ್ಧಾಶ್ರಮಗಳಲ್ಲಿ ಹಿರಿಯರ ಬಾಯಿಯನ್ನು ಪ್ರತಿ ಊಟದ ನಂತರ ಶುಚಿಗೊಳಿಸಿದಾಗ ನ್ಯುಮೋನಿಯಾ ಕಡಿಮೆಯಾಯಿತೆಂದು 1999ರಲ್ಲಿ ವರದಿಯಾಯಿತು. ಹಾಸಿಗೆ ಹಿಡಿದವರ ಹಲ್ಲು, ವಸಡು, ನಾಲಿಗೆಯನ್ನು ಮೆತ್ತನೆಯ ಬ್ರಷ್ಷಿನಿಂದ ದಿನಕ್ಕೆ ಎರಡು ಸಲವಾದರೂ ಉಜ್ಜಿ. ಕಟ್ಟಿಸಿದ ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದು ತೊಳೆದಿಡಿ. ದವಡೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡೇ ನಿದ್ದೆ ಹೋಗುವ ಅಭ್ಯಾಸವಿದ್ದರೆ ಬಿಡಿಸಿ.

ಮೂರನೆಯದು ಊಟ ಮಾಡಿಸುವ ಬಗೆ. ಪಾರ್ಶ್ವವಾಯುವಾದ ತಾತನಿಗೆ ಮಲಗಿದ ಭಂಗಿಯಲ್ಲೇ ಚಮಚದಿಂದ ನೀರು ಹಾಕುವುದನ್ನು ಎಷ್ಟೋ ಮನೆಗಳಲ್ಲಿ ಕಾಣಬಹುದು. ಪೂರ್ತಿ ನೆಟ್ಟಗೆ ಕೂರಿಸಿ, ಗದ್ದವನ್ನು ತುಸು ಎದೆಯ ಕಡೆಗೆ ಬಾಗಿಸಿ, ಒಂದು ತುತ್ತು ಇಳಿದ ಮೇಲೆಯೇ ಇನ್ನೊಂದನ್ನು ಕೊಡಿ. ಊಟವಾದ ಮೇಲೆ ಅರ್ಧ ಗಂಟೆಯಾದರೂ ಕೂತಿರಲಿ. ತೆಳ್ಳನೆಯ ನೀರು ಮಂದ ರಾಗಿ ಗಂಜಿಗಿಂತ ಬೇಗ ಶ್ವಾಸನಾಳಕ್ಕೆ ಜಾರುತ್ತದೆ. ಮುದ್ದೆಯನ್ನು ಅಗಿಯದೆ ನುಂಗುವುದು ನಮಗೆ ರೂಢಿಯಾದರೂ ನುಂಗುವ ಸ್ನಾಯು ಸೋತವರಿಗೆ ಅದು ಗಂಟಲಲ್ಲಿ ಸಿಕ್ಕಿಕೊಳ್ಳುವ ತುತ್ತು. ವೈದ್ಯರನ್ನು ಕೇಳದೆ ಕೊಡಬೇಡಿ. ಕೂಸುಗಳ ಮೂಗಿಗೆ, ಗಂಟಲಿಗೆ ಎಣ್ಣೆ ಬಿಡುವ ಪದ್ಧತಿಯಂತೂ ಬೇಡವೇ ಬೇಡ: ಶ್ವಾಸಕೋಶಕ್ಕಿಳಿದ ಎಣ್ಣೆ ತಾನೇ ಒಂದು ಬಗೆಯ ನ್ಯುಮೋನಿಯಾವನ್ನು ತರುತ್ತದೆ.

ಹಂತ 7: ಲಸಿಕೆಗಳ ಲೆಕ್ಕ ನೋಡಿ

ಮನೆಯ ಹಿರಿಯರನ್ನು ಕಾಪಾಡುವ ಮೊದಲ ಲಸಿಕೆ ಮಗುವಿನದು ಎಂದರೆ ಅತಿಶಯೋಕ್ತಿಯಲ್ಲ. ನ್ಯುಮೋಕಾಕಸ್ ಕಾಂಜುಗೇಟ್ ಲಸಿಕೆ, ಅಂದರೆ ಪಿ.ಸಿ.ವಿ., ಮಗುವಿನ ಮೂಗಿನಲ್ಲಿ ಆ ಲಸಿಕೆಯೊಳಗಿನ ಬಗೆಗಳು ನೆಲೆಸುವುದನ್ನೇ ಕಡಿಮೆ ಮಾಡುತ್ತದೆ. ಅಮೆರಿಕದಲ್ಲಿ 2000ದಿಂದ ಮಕ್ಕಳಿಗೆ ಇದನ್ನು ಕೊಡತೊಡಗಿದ ಮೇಲೆ, ಲಸಿಕೆ ಹಾಕಿಸಿಕೊಳ್ಳದ ವೃದ್ಧರಲ್ಲೂ ಆ ಬಗೆಗಳ ಗಂಭೀರ ಸೋಂಕು ಇಳಿಯಿತು. ಲಸಿಕೆಯಲ್ಲಿಲ್ಲದ ಬಗೆಗಳು ತೆರವಾದ ಜಾಗಕ್ಕೆ ಬರುವುದೂ ಉಂಟು. ಅದಕ್ಕೇ ಲಸಿಕೆಗಳಲ್ಲಿನ ಬಗೆಗಳ ಸಂಖ್ಯೆಯನ್ನು ಕಾಲಕಾಲಕ್ಕೆ ಹೆಚ್ಚಿಸುತ್ತಿದ್ದಾರೆ. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಪಿ.ಸಿ.ವಿ. 2017ರಲ್ಲಿ ಕೆಲವು ರಾಜ್ಯಗಳಲ್ಲಿ ಸೇರಿ, 2021ರಲ್ಲಿ ದೇಶದಾದ್ಯಂತ ವಿಸ್ತರಿಸಿತು. ಆರು ವಾರ, ಹದಿನಾಲ್ಕು ವಾರ ಮತ್ತು ಒಂಬತ್ತು ತಿಂಗಳಿಗೆ ಒಟ್ಟು ಮೂರು ಡೋಸ್, ಉಚಿತ. ತಾಯಿ ಕಾರ್ಡನ್ನು ತೆಗೆದು ಈ ಮೂರೂ ಡೋಸ್‌ಗಳ ಚೌಕಗಳಲ್ಲಿ ದಿನಾಂಕ ಬಿದ್ದಿದೆಯೇ ನೋಡಿ. ಖಾಲಿಯಿದ್ದರೆ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಕೇಳಿ. ಹಿಬ್ ಎಂಬ ಹೀಮೋಫಿಲಸ್ ಬಗೆಯ ವಿರುದ್ಧದ ಲಸಿಕೆ ಐದು ರೋಗಗಳ ವಿರುದ್ಧದ ಪೆಂಟಾವೇಲೆಂಟ್ ಚುಚ್ಚುಮದ್ದಿನಲ್ಲೇ ಸೇರಿದೆ.

ವಯಸ್ಕರ ನ್ಯುಮೋಕಾಕಸ್ ಲಸಿಕೆಯ ಹಿಂದೆ, ಕೆ.ಜಿ.ಎಫ್. ಬಲ್ಲ ನಮಗೆ ಮನಸ್ಸಿಗೆ ತಾಗುವ ಇತಿಹಾಸವೊಂದಿದೆ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಿಗೆ ದೂರದ ಹಳ್ಳಿಗಳಿಂದ ಬಂದ ಕೂಲಿಗಳನ್ನು ಬಿಡಾರಗಳಲ್ಲಿ ತುಂಬಿಸಲಾಗುತ್ತಿತ್ತು. ಹೊಸದಾಗಿ ಬಂದವರು ನ್ಯುಮೋನಿಯಾದಿಂದ ಸಾಲುಸಾಲಾಗಿ ಸಾಯುತ್ತಿದ್ದರು. ಬ್ರಿಟನ್ನಿನ ವೈದ್ಯವಿಜ್ಞಾನಿ ಆಲ್ಮ್‌ರಾತ್ ರೈಟ್ ಅಲ್ಲಿ 1911ರಲ್ಲಿ ಲಸಿಕೆಯ ಪ್ರಯೋಗ ಶುರುಮಾಡಿದರು. 1970ರ ದಶಕದಲ್ಲಿ ಅಮೆರಿಕದ ವೈದ್ಯ ರಾಬರ್ಟ್ ಆಸ್ಟ್ರಿಯನ್ ಕವಚದ ಸಕ್ಕರೆಯಿಂದ ಮಾಡಿದ ಲಸಿಕೆಯನ್ನು ಅದೇ ಗಣಿಗಳಲ್ಲಿ ಪರೀಕ್ಷಿಸಿ ಯಶಸ್ವಿಯಾದರು. 14 ಬಗೆಗಳ ಲಸಿಕೆಗೆ 1977ರಲ್ಲಿ, 23 ಬಗೆಗಳದ್ದಕ್ಕೆ 1983ರಲ್ಲಿ ಅಮೆರಿಕದಲ್ಲಿ ಪರವಾನಗಿ ಸಿಕ್ಕಿತು. ಈ 23 ಬಗೆಗಳ ಲಸಿಕೆ ಗಂಭೀರ ಸೋಂಕನ್ನು ತಡೆಯುತ್ತದೆಯಾದರೂ ವಾಹಕ ಸ್ಥಿತಿಯನ್ನು ಕಡಿಮೆ ಮಾಡುವುದಿಲ್ಲ. ನಿಮ್ಮ ಹಾಳೆಯಲ್ಲಿ ಎರಡನೆಯ ಗುರುತು ಬಿದ್ದವರು, ಕಾಂಜುಗೇಟ್ ಲಸಿಕೆ ಬೇಕೇ, 23 ಬಗೆಗಳದ್ದು ಬೇಕೇ, ಎರಡೂ ಬೇಕಾದರೆ ಎಷ್ಟು ಅಂತರದಲ್ಲಿ ಎಂದು ವೈದ್ಯರನ್ನು ಕೇಳಬೇಕು. ವಯಸ್ಕರು ಇವನ್ನು ಸಾಮಾನ್ಯವಾಗಿ ಹಣ ಕೊಟ್ಟೇ ಹಾಕಿಸಿಕೊಳ್ಳಬೇಕಾಗುತ್ತದೆ, ಬೆಲೆಯೂ ಕಡಿಮೆಯಲ್ಲ. ಹಾಗಾಗಿ ಮನೆಯಲ್ಲಿ ಯಾರಿಗೆ ಮೊದಲು ಎಂದು ನಿರ್ಧರಿಸಲು ಆ ಹಾಳೆ ನೆರವಾಗುತ್ತದೆ.

ಅದೇ ಭೇಟಿಯಲ್ಲಿ ವರ್ಷಕ್ಕೊಮ್ಮೆಯ ಫ್ಲೂ ಲಸಿಕೆಯ ಬಗ್ಗೆಯೂ ವಿಚಾರಿಸಿ. ಫ್ಲೂ ವೈರಸ್ ಶ್ವಾಸನಾಳದ ರೋಮಗಳಿರುವ ಪದರವನ್ನೇ ಕೆಡಿಸುವುದರಿಂದ ಗಂಟಲ ಬ್ಯಾಕ್ಟೀರಿಯಾಕ್ಕೆ ದಾರಿ ತೆರೆದಂತಾಗುತ್ತದೆ. 1918ರ ಮಹಾಮಾರಿಯಲ್ಲಿ ಸತ್ತವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಫ್ಲೂ ಬೆನ್ನಿಗೆ ಬಂದ ಬ್ಯಾಕ್ಟೀರಿಯಾದ ನ್ಯುಮೋನಿಯಾ.

ಹಂತ 8: ವಾಹಕ ಸ್ಥಿತಿ ಕಾಯಿಲೆಯಾದ ಗಳಿಗೆಯನ್ನು ಗುರುತಿಸಿ

ನೆಗಡಿ ಇಳಿಮುಖವಾಗುತ್ತಿದೆ ಎನ್ನುವಾಗ ಮತ್ತೆ ಚಳಿ ಜ್ವರ ಏರುವುದು, ಉಸಿರೆಳೆದಾಗ ಪಕ್ಕೆಯಲ್ಲಿ ಚುಚ್ಚಿದಂಥ ನೋವು, ತುಕ್ಕಿನ ಬಣ್ಣದ ಅಥವಾ ಹಳದಿ ಕಫ, ನಾಲ್ಕು ಹೆಜ್ಜೆಗೆ ಏದುಸಿರು, ಇವು ವಯಸ್ಕರಲ್ಲಿ ಕಾಣುವ ಲಕ್ಷಣಗಳು. ವೃದ್ಧರಲ್ಲಿ ಜ್ವರವೇ ಬರದಿರಬಹುದು. ನಿನ್ನೆಯವರೆಗೆ ಸರಿಯಾಗಿ ಮಾತಾಡುತ್ತಿದ್ದವರು ಇಂದು ಮಂಕಾಗಿ, ಊಟ ಬೇಡವೆಂದು, ಏನೇನೋ ಬಡಬಡಿಸತೊಡಗಿದರೆ ಅದನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಾಗಬೇಡಿ.

ಉಸಿರನ್ನು ಎಣಿಸುವುದು ಕಲಿಯಿರಿ. ಮಗು ಅಳದೆ, ಹಾಲು ಕುಡಿಯದೆ ಶಾಂತವಾಗಿರುವಾಗ ಅಂಗಿ ಮೇಲೆತ್ತಿ, ಹೊಟ್ಟೆ ಏರಿಳಿಯುವುದನ್ನು ಗಡಿಯಾರ ನೋಡುತ್ತ ಪೂರಾ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡರಿಂದ ಹನ್ನೆರಡು ತಿಂಗಳಿಗೆ 50, ಒಂದರಿಂದ ಐದು ವರ್ಷಕ್ಕೆ 40, ಇವು ಗಡಿಗಳು. ಅಷ್ಟು ಅಥವಾ ಹೆಚ್ಚಿದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಉಸಿರೆಳೆದಾಗ ಪಕ್ಕೆಯ ಕೆಳಗೆ ಎದೆ ಒಳಕ್ಕೆ ಸೆಳೆದುಕೊಂಡರೆ, ಮಗು ಹಾಲು ಬಿಟ್ಟರೆ, ಅಂದೇ ಅಲ್ಲ, ಆ ಕ್ಷಣವೇ. ವಯಸ್ಕರಲ್ಲಿ ಉಸಿರು ನಿಮಿಷಕ್ಕೆ 30 ಮುಟ್ಟಿದರೆ, ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ, ತುಟಿ ಉಗುರು ನೀಲಿಗಟ್ಟಿದರೆ, ಮಂಪರು ಕವಿದರೆ 108ಕ್ಕೆ ಕರೆ ಮಾಡಿ.

ಆಂಬುಲೆನ್ಸ್ ಬರುವುದರೊಳಗೆ ಒಂದು ಚೀಲದಲ್ಲಿ ಹಳೆಯ ವರದಿಗಳನ್ನು, ದಿನನಿತ್ಯದ ಮಾತ್ರೆಗಳನ್ನು, ಲಸಿಕೆಯ ಕಾರ್ಡನ್ನು ಹಾಕಿಕೊಳ್ಳಿ. ಕಳೆದ ಮೂರು ತಿಂಗಳಲ್ಲಿ ತೆಗೆದುಕೊಂಡ ಆಂಟಿಬಯಾಟಿಕ್‌ಗಳ ಖಾಲಿ ಸ್ಟ್ರಿಪ್‌ಗಳಿದ್ದರೆ ಅವನ್ನೂ ತಪ್ಪದೆ ಒಯ್ಯಿರಿ. ಯಾವ ಔಷಧಿಯಿಂದ ಚಿಕಿತ್ಸೆ ಆರಂಭಿಸಬೇಕೆಂದು ವೈದ್ಯರು ನಿರ್ಧರಿಸುವುದು ಅದನ್ನೂ ನೋಡಿಯೇ.